ಕಣ್ಣಲ್ಲಿ ನೀರು, ಬೇರು ಹಲ್ಲಿನಲ್ಲಿ

ನಮ್ಮ ಮನೆಗೆ ಬರುವವರಿಗೆಲ್ಲ ನಮ್ಮ ಮೊಲ ಗುಬ್ಬಿಯ ಎಡಗಣ್ಣೇ ಮೊದಲು ಕಾಣುತ್ತದೆ. ಕೆನ್ನೆಯ ಮೇಲೆ ಒದ್ದೆ ರೋಮ, ಕಣ್ಣಿನ ಮೂಲೆಯಲ್ಲಿ ಬಿಳಿ ಗೀಜು, ಅದರ ಕೆಳಗೆ ರೋಮ ಉದುರಿ ಬೋಳಾದ ಒಂದಿಷ್ಟು ಜಾಗ. "ಅಯ್ಯೋ ಪಾಪ, ಅಳ್ತಾ ಇದೆ ನೋಡಿ" ಅನ್ನುತ್ತಾರೆ. ದುಃಖ ಬಂದಾಗ ಕಣ್ಣೀರು ಹಾಕುವುದು ಮನುಷ್ಯರ ಅಭ್ಯಾಸ, ಮೊಲಕ್ಕೆ ಅದಿಲ್ಲ. ಆದರೂ "ಹೌದು, ವಯಸ್ಸಾಯ್ತು" ಎಂದು ಹೇಳಿ ಸುಮ್ನಾಗುತ್ತೇನೆ. ಸರಿಯಾದ ಉತ್ತರ ಕೊಡಬೇಕೆಂದರೆ ಹಲ್ಲಿನಿಂದ ಶುರು ಮಾಡಬೇಕು. ಕಾಫಿ ಲೋಟ ಕೈಯಲ್ಲಿ ಹಿಡಿದು ಕೂತವರಿಗೆ ಕೀವಿನ ಕಥೆ ಯಾಕೆ, ಅಲ್ವಾ? ಇಲ್ಲಿಗೆ ಬರುವವರು ಓದೋಕೆ ಅಂತಲೇ ಬರುತ್ತೀರಿ. ಹಾಗಾಗಿ ಇಲ್ಲಿ ಹೇಳುತ್ತೇನೆ.

ಗುಬ್ಬಿ ಅನ್ನುವುದು ಮೊಲದ ಹೆಸರು. ತಂದಾಗ ಹೆಚ್ಚುಕಡಿಮೆ ಅಷ್ಟೇ ಇದ್ದಳು, ಹೆಸರು ಅಂಟಿಕೊಂಡಿತು. ಈಗ ಅವಳಿಗೆ 9 ವರ್ಷ. ಮನೆಯಲ್ಲಿ ಸಾಕಿದ ಮೊಲ ಸಾಮಾನ್ಯವಾಗಿ 8ರಿಂದ 12 ವರ್ಷ ಬದುಕುತ್ತದೆ. ಐದಾರು ವರ್ಷ ದಾಟಿದರೆ ವಯಸ್ಸಾಯಿತು ಎಂದೇ ಲೆಕ್ಕ. ಅವಳ ಜೊತೆಗಾರ ಬೊಮ್ಮ ಇರುವ ತನಕ ಈ ಕಣ್ಣಿನ ವಿಷಯ ಹೊರಗೆ ಬಂದಿರಲಿಲ್ಲ. ಜೋಡಿ ಮೊಲಗಳು ಒಂದರ ಮುಖವನ್ನು ಇನ್ನೊಂದು ನೆಕ್ಕುತ್ತವೆ, ಅದರಲ್ಲೂ ಕಣ್ಣಿನ ಸುತ್ತ ಜಾಸ್ತಿ. ಗುಬ್ಬಿಯ ಕಣ್ಣಿಂದ ಇಳಿದದ್ದನ್ನೆಲ್ಲ ಬೊಮ್ಮ ಆಗಿಂದಾಗ್ಗೆ ನೆಕ್ಕಿ ಚೊಕ್ಕ ಮಾಡುತ್ತಿದ್ದ. ಅವನು ಹೋದ ಮೇಲೆ ಕೆನ್ನೆ ಒದ್ದೆಯಾಗಿಯೇ ಉಳಿಯತೊಡಗಿತು. ಅವನ ಕೆಲಸ ಈಗ ನನ್ನದು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ತೆಳ್ಳನೆ ಹತ್ತಿಬಟ್ಟೆ ಮತ್ತು ಸಲೈನ್ ಹಿಡಿದು ನೆಲದ ಮೇಲೆ ಕೂರುತ್ತೇನೆ. ಬೊಮ್ಮನಷ್ಟು ಚೆನ್ನಾಗಿ ಮಾಡುತ್ತೇನೆ ಎಂದು ಗುಬ್ಬಿ ಒಪ್ಪಿದ ಹಾಗೆ ಕಾಣುವುದಿಲ್ಲ.

ಮೊದಲ ಸಲ ತೋರಿಸಿದಾಗ ಡಾಕ್ಟರು ಕಣ್ಣನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಯಿಯನ್ನು ತುಂಬಾ ಹೊತ್ತು ನೋಡಿದರು. ದವಡೆಯ ಕೆಳಗೆ, ಕೆನ್ನೆಯ ಮೇಲೆ ಬೆರಳಾಡಿಸಿ ಎಲ್ಲಾದರೂ ಗಂಟು ಸಿಗುತ್ತದಾ ಎಂದು ಹುಡುಕಿದರು. ಕಣ್ಣಿನ ಕೆಳಗೆ ಒಳಮೂಲೆಯಲ್ಲಿ ಮೆಲ್ಲಗೆ ಒತ್ತಿದಾಗ ಹಾಲಿನ ಬಣ್ಣದ ಕೀವು ಒಂದು ಹನಿ ಹೊರಗೆ ಬಂತು. "ತಲೆಯ ಎಕ್ಸ್‌ರೇ ತೆಗೆಸೋಣ" ಅಂದರು. ಕಣ್ಣಿಗೆ ಎಕ್ಸ್‌ರೇ ಯಾಕೆ ಎಂದು ಕೇಳಿದೆ. ಅವರು ಹಾಳೆಯ ಮೇಲೆ ಮೊಲದ ತಲೆಯ ಚಿತ್ರ ಬರೆದು ತೋರಿಸಿದರು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ನಮ್ಮ ಕಣ್ಣಿನ ಒಳಮೂಲೆಯಲ್ಲಿ ಮೇಲಿನ ರೆಪ್ಪೆಗೊಂದು, ಕೆಳಗಿನ ರೆಪ್ಪೆಗೊಂದು ಸಣ್ಣ ತೂತು ಇರುತ್ತದೆ. ಹೆಚ್ಚಾದ ಕಣ್ಣೀರು ಅಲ್ಲಿಂದ ಮೂಗಿಗೆ ಇಳಿಯುತ್ತದೆ. ಮೊಲಕ್ಕೆ ಒಂದು ಕಣ್ಣಿಗೆ ಒಂದೇ ತೂತು, ಅದೂ ಕೆಳಗಿನ ರೆಪ್ಪೆಯಲ್ಲಿ. ಅದು ಕಟ್ಟಿಕೊಂಡರೆ ಮುಗೀತು, ಎರಡನೇ ದಾರಿ ಇಲ್ಲ. ಅಲ್ಲಿಂದ ಹೊರಟ ನಾಳ ನೇರವಾಗಿಯೂ ಹೋಗುವುದಿಲ್ಲ. ಮೂಳೆಯ ಒಳಗೆ ಇಳಿದು, ಮೇಲಿನ ದವಡೆಹಲ್ಲಿನ ಬೇರುಗಳ ಹತ್ತಿರ ಗಕ್ಕನೆ ತಿರುಗಿ, ಬಾಚಿಹಲ್ಲಿನ ಬೇರಿನ ಪಕ್ಕದಲ್ಲಿ ಇನ್ನೊಮ್ಮೆ ಬಾಗಿ, ಆಮೇಲೆ ಮೂಗು ಸೇರುತ್ತದೆ. ಆ ತಿರುವುಗಳಲ್ಲೇ ನಾಳ ತೀರಾ ಸಣ್ಣದಾಗುತ್ತದೆ.

ಈಗ ಹಲ್ಲಿನ ವಿಷಯ. ಮೊಲಕ್ಕೆ ಒಟ್ಟು 28 ಹಲ್ಲು. ಅಷ್ಟೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಒಣಹುಲ್ಲನ್ನು ದಿನವಿಡೀ ಅಗಿಯುವುದರಿಂದ ಬೆಳೆದಷ್ಟೂ ಸವೆಯುತ್ತದೆ. ವಯಸ್ಸಾದಂತೆ, ಅಥವಾ ಹುಲ್ಲು ಕಡಿಮೆ ತಿಂದರೆ, ಅಥವಾ ಹುಟ್ಟಿನಿಂದಲೇ ದವಡೆಯ ಆಕಾರ ಸರಿ ಇಲ್ಲದಿದ್ದರೆ, ಈ ಲೆಕ್ಕ ತಪ್ಪುತ್ತದೆ. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಒತ್ತಿಕೊಂಡಿರುತ್ತದೆ. ಆ ಕಡೆ ಬೆಳೆಯಲು ಜಾಗ ಇಲ್ಲ. ಆಗ ಬೇರು ಹಿಂದಕ್ಕೆ, ಮೂಳೆಯ ಒಳಕ್ಕೆ ನುಗ್ಗುತ್ತದೆ. ಗುಬ್ಬಿಯ ಎಡಗಡೆ ಬಾಚಿಹಲ್ಲಿನ ಬೇರು ನಾಳದ ತಿರುವಿಗೆ ಒತ್ತಿಕೊಂಡು ಕೂತಿದೆ. ಯಾರೋ ಮೇಲೆ ಕಾಲಿಟ್ಟು ನಿಂತ ನೀರಿನ ಪೈಪಿನ ಗತಿ ಆ ನಾಳಕ್ಕೆ ಬಂದಿದೆ. ಹಿಂದೆ ನಿಂತ ಕಣ್ಣೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೀವಾಗುತ್ತದೆ, ಕೀವು ಬಂದ ದಾರಿಯಲ್ಲೇ ವಾಪಸ್ ಕಣ್ಣಿಗೆ ಬರುತ್ತದೆ. ಬಾಯಿಯನ್ನು ಹೊರಗಿಂದ ನೋಡಿದರೆ ಅವಳ ಹಲ್ಲು ಚೆನ್ನಾಗಿಯೇ ಇವೆ. ತೊಂದರೆ ಇರುವುದು ಒಸಡಿನ ಒಳಗೆ. ಎಕ್ಸ್‌ರೇ ಇಲ್ಲದೆ ಅದು ಗೊತ್ತಾಗುವುದಿಲ್ಲ.

ನಾಳವನ್ನು ತೊಳೆಯುವ ಕೆಲಸ ನೋಡಲು ಸ್ವಲ್ಪ ಗಟ್ಟಿ ಮನಸ್ಸು ಬೇಕು. ಕಣ್ಣಿಗೆ ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ. ಮೊಂಡು ತುದಿಯ ತೆಳ್ಳನೆ ನಳಿಕೆಯನ್ನು ಆ ಒಂದೇ ತೂತಿಗೆ ತೂರಿಸಿ ಸಿರಿಂಜಿನಿಂದ ಸಲೈನ್ ಒತ್ತುತ್ತಾರೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಅದೇ ಬದಿಯ ಮೂಗಿನ ಹೊಳ್ಳೆಯಿಂದ ಬಿಳಿ ಮುದ್ದೆ ಜಾರುತ್ತದೆ, ಅದರ ಹಿಂದೆಯೇ ತಿಳಿನೀರು. ತಿಳಿನೀರು ಬಂದರೆ ದಾರಿ ಬಿಟ್ಟಿತು ಎಂದರ್ಥ. ಗುಬ್ಬಿ ಸೀನಿದಳು, ತಲೆ ಕೊಡವಿದಳು, ನನ್ನ ಅಂಗಿಗೆಲ್ಲ ಹಾರಿಸಿದಳು. ಡಾಕ್ಟರು ಕೈ ತೊಳೆಯುತ್ತಾ ಹೇಳಿದರು: "ನಾಳ ತೆರೆದಿದೆ. ಆದರೆ ಹಲ್ಲಿನ ಬೇರು ಅಲ್ಲೇ ಇದೆಯಲ್ಲ. ಮತ್ತೆ ಕಟ್ಟಿಕೊಳ್ಳುತ್ತೆ."

ಕಟ್ಟಿಕೊಂಡಿತು. ಈಗಲೂ ಕಟ್ಟಿಕೊಳ್ಳುತ್ತಿರುತ್ತದೆ. ಗುಣವಾಗುವುದಿಲ್ಲ ಎಂದು ಗೊತ್ತಾದ ಕಾಯಿಲೆಯ ಜೊತೆ ಒಂದು ವಿಚಿತ್ರ ನೆಮ್ಮದಿಯೂ ಬರುತ್ತದೆ. ಪ್ರತಿ ಡ್ರಾಪ್ಸ್ ಬಾಟಲಿ ಮುಗಿದಾಗಲೂ "ಈ ಸಲ ಹೋಗಿರಬಹುದು" ಎಂದು ಕಾಯುವುದು ನಿಂತಿತು. ಬದಲಿಗೆ ಪ್ರಶ್ನೆ ಸಣ್ಣದಾಯಿತು: ಇವತ್ತು ನಿನ್ನೆಗಿಂತ ಕೆಟ್ಟದಾಗಿದೆಯೋ ಇಲ್ಲವೋ? ಬಿಳಿ ಗೀಜು ಎಷ್ಟಿದೆ, ಕೆನ್ನೆಯ ಚರ್ಮ ಕೆಂಪಾಗಿದೆಯೇ, ಕಣ್ಣು ಪೂರ್ತಿ ತೆರೆಯುತ್ತಾಳೆಯೇ. ಕೆಟ್ಟದಾಗುತ್ತಾ ಹೋದರೆ ಡಾಕ್ಟರ ಹತ್ತಿರ ಓಟ. ಇಲ್ಲದಿದ್ದರೆ ಒರೆಸಿ, ಹುಲ್ಲು ಹಾಕಿ, ನಮ್ಮ ನಮ್ಮ ಕೆಲಸಕ್ಕೆ.

ಇಷ್ಟರಲ್ಲಿ ಬಲಗಣ್ಣಿನಲ್ಲೂ ಪೊರೆ ಬಂತು. ಕಪ್ಪಾಗಿ ಹೊಳೆಯುತ್ತಿದ್ದ ಪಾಪೆಯ ಹಿಂದೆ ಮಸುಕು ಬಿಳುಪು. ಮೊಲಕ್ಕೆ ಪೊರೆ ಬಂದರೆ ವಯಸ್ಸು ಎಂದು ತಳ್ಳಿಹಾಕುವಂತಿಲ್ಲ. ಎನ್‌ಸೆಫಾಲಿಟೋಜೂನ್ ಕ್ಯುನಿಕುಲಿ ಎಂಬ ಉದ್ದ ಹೆಸರಿನ ಪರಾವಲಂಬಿಯೊಂದಿದೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಯ ಕಣ್ಣಿನ ಮಸೂರದೊಳಗೆ ಸೇರಿಕೊಂಡು, ಎಷ್ಟೋ ಕಾಲ ಸುಮ್ಮನಿದ್ದು, ಒಂದು ದಿನ ಮಸೂರವನ್ನು ಒಡೆದು ಕಣ್ಣಿನೊಳಗೆ ಉರಿಯೂತ ಎಬ್ಬಿಸುತ್ತದೆ. ಸಾಮಾನ್ಯವಾಗಿ ಚಿಕ್ಕ ವಯಸ್ಸಿನ ಮೊಲಗಳಲ್ಲಿ, ಅದೂ ಒಂದೇ ಕಣ್ಣಿನಲ್ಲಿ ಕಾಣಿಸುತ್ತದೆ. ಇದೇ ಜೀವಿ ಮೆದುಳಿಗೆ ಹೋದರೆ ತಲೆ ಒಂದು ಕಡೆ ವಾಲುತ್ತದೆ, ಮೂತ್ರಪಿಂಡಕ್ಕೂ ಹೋಗುತ್ತದೆ. ಫೆನ್‌ಬೆಂಡಜೋಲ್ ಎಂಬ ಜಂತುನಾಶಕವನ್ನು 28 ದಿನ ಕೊಡುವುದು ಇದಕ್ಕೆ ರೂಢಿಯಲ್ಲಿರುವ ಚಿಕಿತ್ಸೆ. ಗುಬ್ಬಿಯ ರಕ್ತಪರೀಕ್ಷೆಯಲ್ಲಿ ಅದರ ಸುಳಿವು ಸಿಗಲಿಲ್ಲ. ಕಣ್ಣಿನ ಒತ್ತಡವನ್ನೂ ಅಳೆದರು, ಸರಿಯಾಗಿತ್ತು. ಒತ್ತಡ ಏರಿದರೆ ಗ್ಲಾಕೋಮಾ, ಅದು ನೋವಿನ ಕಾಯಿಲೆ. ನಮ್ಮದು ಬರೀ ವಯಸ್ಸಿನ ಪೊರೆ, ನೋವಿಲ್ಲದ್ದು. ಮೊಲಕ್ಕೂ ಪೊರೆಯ ಶಸ್ತ್ರಚಿಕಿತ್ಸೆ ಮಾಡುವವರಿದ್ದಾರೆ. ಈ ವಯಸ್ಸಿನಲ್ಲಿ, ಪಕ್ಕದ ಕಣ್ಣಿನಲ್ಲಿ ಕೀವು ಇಟ್ಟುಕೊಂಡು ಬೇಡ ಎಂದು ನಾವೂ ಡಾಕ್ಟರೂ ಸೇರಿ ನಿರ್ಧರಿಸಿದೆವು.

ಅಂದರೆ ಗುಬ್ಬಿ ನಿಧಾನವಾಗಿ ಕುರುಡಿಯಾಗುತ್ತಿದ್ದಾಳೆ. ಈ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಾಗ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಕಷ್ಟವಾಯಿತು. ಆಮೇಲೆ ಮೊಲದ ಕಣ್ಣಿನ ಬಗ್ಗೆ ಓದುತ್ತಾ ಹೋದೆ. ಓದಿದಷ್ಟೂ ಆ ದುಃಖದಲ್ಲಿ ಎಷ್ಟು ಪಾಲು ಅವಳದು, ಎಷ್ಟು ಪಾಲು ನಮ್ಮದು ಎಂಬ ಅನುಮಾನ ಶುರುವಾಯಿತು.

ಮೊಲದ ಕಣ್ಣು ತಲೆಯ ಎರಡು ಪಕ್ಕಗಳಲ್ಲಿ, ಸಾಕಷ್ಟು ಮೇಲೆ ಕೂತಿವೆ. ತಲೆ ತಿರುಗಿಸದೆಯೇ ಹೆಚ್ಚುಕಡಿಮೆ 360 ಡಿಗ್ರಿ ಸುತ್ತಲೂ ಕಾಣುತ್ತದೆ, ಮೇಲಿನ ಆಕಾಶವೂ ಸೇರಿ. ಕಾಣದೆ ಉಳಿಯುವ ಜಾಗಗಳಲ್ಲಿ ಒಂದು ಎಲ್ಲಿದೆ ಗೊತ್ತಾ? ಮೂಗಿನ ಮುಂದೆ, ತುಟಿಯ ಹತ್ತಿರ. ಅಂದರೆ ತಾನು ತಿನ್ನುತ್ತಿರುವ ಎಲೆ ಮೊಲಕ್ಕೆ ಕಾಣುವುದೇ ಇಲ್ಲ. ಮೀಸೆ, ತುಟಿ, ವಾಸನೆ, ಇವೇ ಅದಕ್ಕೆ ಊಟದ ದಾರಿ. ಬಣ್ಣದಲ್ಲಿ ನೀಲಿ, ಹಸಿರು ಗೊತ್ತಾಗುತ್ತದೆ, ಕೆಂಪು ಗೊತ್ತಾಗುವುದಿಲ್ಲ. ಎರಡೂ ಕಣ್ಣು ಒಟ್ಟಿಗೆ ನೋಡುವ ಜಾಗ ತೀರಾ ಕಡಿಮೆ ಇರುವುದರಿಂದ ದೂರ ಎಷ್ಟು ಎಂಬ ಅಂದಾಜೂ ನಮ್ಮಷ್ಟು ಸಿಗುವುದಿಲ್ಲ. ಊಟ ಹುಡುಕಲಿ, ಮುದ್ದು ಮಾಡಲಿ, ಗುರುತು ಹಿಡಿಯಲಿ ಎಂದು ಇರುವ ಕಣ್ಣಲ್ಲ ಅದು. ಗಿಡುಗ, ನರಿ, ಯಾವುದೋ ನೆರಳು ಅಲುಗಾಡಿದರೆ ಓಡು ಎಂದು ಹೇಳುವ ಕಾವಲುಗಾರ ಅದು.

ಹಾಗಾದರೆ ಕಣ್ಣು ಹೋದ ಮೊಲ ಕಳೆದುಕೊಳ್ಳುವುದು ಏನನ್ನು? ಸೂರ್ಯಾಸ್ತವನ್ನಲ್ಲ. ನನ್ನ ಮುಖವನ್ನೂ ಅಲ್ಲ, ನನ್ನನ್ನು ಅವಳು ಹೆಜ್ಜೆ ಸದ್ದಿನಿಂದ ಮತ್ತು ಕೈಯ ವಾಸನೆಯಿಂದ ಗುರುತಿಸುತ್ತಾಳೆ. ಅವಳು ಕಳೆದುಕೊಳ್ಳುವುದು ಮುನ್ಸೂಚನೆಯನ್ನು. ಯಾವುದೂ ದೂರದಿಂದ ಬರುವುದು ತಿಳಿಯುವುದಿಲ್ಲ, ಎಲ್ಲವೂ ತಟ್ಟನೆ ಮೈಮೇಲೆ ಬಂದುಬಿಡುತ್ತದೆ. ಇದು ಹೊಳೆದ ಮೇಲೆ ಏನು ಮಾಡಬೇಕೆಂಬುದು ಸುಲಭವಾಯಿತು. ಕಾವಲು ಕೆಲಸ ಬಿಟ್ಟಿದೆ, ಆ ಕೆಲಸವನ್ನು ಮನೆಯವರು ವಹಿಸಿಕೊಳ್ಳಬೇಕು.

ಮುಟ್ಟುವ ಮೊದಲು ಮಾತಾಡುತ್ತೇವೆ. ಮಾತಾಡುತ್ತಲೇ ಹತ್ತಿರ ಹೋಗಿ, ಕೈಯನ್ನು ಮೂಗಿನ ಹತ್ತಿರ ಹಿಡಿದು, ಅವಳು ಮೂಸಿದ ಮೇಲೆ ಹಣೆಗೆ ಬೆರಳಿಡುತ್ತೇವೆ. ಮೇಲಿಂದ ತಟ್ಟನೆ ಎತ್ತುವಂತಿಲ್ಲ, ಅದು ಗಿಡುಗನ ರೀತಿ. ನೀರಿನ ಬಟ್ಟಲು, ಹುಲ್ಲಿನ ಬುಟ್ಟಿ, ಉಚ್ಚೆ ಹೊಯ್ಯುವ ತಟ್ಟೆ ಎಲ್ಲದಕ್ಕೂ ಒಂದೊಂದು ಜಾಗ, ಆ ಜಾಗ ಬದಲಾಗುವುದಿಲ್ಲ. ಕುರ್ಚಿ ಎಳೆದವರು ವಾಪಸ್ ಅಲ್ಲೇ ಇಡಬೇಕು. ನುಣುಪು ನೆಲದ ಮೇಲೆ ಚಾಪೆ ಹಾಸಿದ್ದೇವೆ. ಕಾಲಿಗೆ ಚಾಪೆ ಸಿಕ್ಕರೆ ದಾರಿ, ತಣ್ಣನೆ ನೆಲ ಸಿಕ್ಕರೆ ದಾರಿ ತಪ್ಪಿತು ಎಂದು ಅವಳೇ ಕಂಡುಕೊಂಡಳು. ತಟ್ಟೆಯ ಒಂದು ಬದಿಯ ಅಂಚನ್ನು ಕತ್ತರಿಸಿ ತಗ್ಗಿಸಿದೆವು. ಕಣ್ಣಿಗಿಂತ ಅವಳ ಹಿಂಗಾಲಿನ ಸಂಧಿಗೆ ಅದರಿಂದ ಜಾಸ್ತಿ ಉಪಯೋಗ. ಎಲ್ಲವನ್ನೂ ತಲೆಯಲ್ಲೇ ನಕ್ಷೆ ಮಾಡಿಕೊಂಡ ಗುಬ್ಬಿ ಈಗ ಸೋಫಾ ಸುತ್ತ ಓಡುವುದನ್ನು ನೋಡಿದವರು "ಇವಳಿಗೆ ಕಣ್ಣು ಕಾಣಲ್ವಾ?" ಎಂದು ನಂಬದೆ ಕೇಳುತ್ತಾರೆ.

ಕುರುಡುತನದ ಚಿಂತೆ ಹೀಗೆ ಇಳಿಯಿತು. ನೋವಿನ ಚಿಂತೆ ಇಳಿಯಲಿಲ್ಲ. ಇಳಿಯಬಾರದು ಕೂಡ.

ಮೊಲ ನೋವನ್ನು ತೋರಿಸುವುದಿಲ್ಲ. ನೋವು ತೋರಿಸಿದ ಮೊಲವನ್ನು ನರಿ ಮೊದಲು ಹಿಡಿಯುತ್ತದೆ, ಅದಕ್ಕೇ. ಹಾಗಾಗಿ ನೋಡುವವರೇ ಕಲಿಯಬೇಕು. 2012ರಲ್ಲಿ ಸಂಶೋಧಕರು ಮೊಲದ ಮುಖ ನೋಡಿ ನೋವನ್ನು ಅಳೆಯುವ ಒಂದು ಪಟ್ಟಿ ಪ್ರಕಟಿಸಿದರು. ಕಣ್ಣು ಎಷ್ಟು ಕಿರಿದಾಗಿದೆ, ಕೆನ್ನೆ ಎಷ್ಟು ಚಪ್ಪಟೆಯಾಗಿದೆ, ಮೂಗಿನ ಆಕಾರ, ಮೀಸೆ ಯಾವ ಕಡೆ ತಿರುಗಿದೆ, ಕಿವಿ ಹೇಗೆ ನಿಂತಿದೆ, ಹೀಗೆ ಐದು ಗುರುತು. ನಮಗಿರುವ ತೊಡಕು ಏನೆಂದರೆ ಗುಬ್ಬಿಯ ಎಡಗಣ್ಣು ಯಾವಾಗಲೂ ಸ್ವಲ್ಪ ಕಿರಿದಾಗಿಯೇ ಇರುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ನಾನು ನೋಡುವುದು ಬಲಗಣ್ಣನ್ನು. ಪೊರೆ ಇದ್ದರೂ ಆ ಕಣ್ಣಿಗೆ ನೋವಿಲ್ಲ. ಅದೂ ಅರ್ಧ ಮುಚ್ಚಿದರೆ, ಕಿವಿ ಬೆನ್ನಿಗೆ ಅಂಟಿದರೆ, ಮೈ ಮುದುಡಿ ಕೂತು ಹಲ್ಲು ಕಟಕಟ ಕಡಿದರೆ, ಎಲ್ಲೋ ನೋಯುತ್ತಿದೆ.

ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಹಿಕ್ಕೆ. ನಗಬೇಡಿ. ಮೊಲದ ಕರುಳು ನಿಲ್ಲದೆ ಓಡುತ್ತಿರಬೇಕು. ನೋವಾದರೆ ತಿನ್ನುವುದು ಬಿಡುತ್ತದೆ, ತಿನ್ನುವುದು ಬಿಟ್ಟರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಹೊಟ್ಟೆಯೇ ನೋಯತೊಡಗಿ ತಿನ್ನಲು ಇನ್ನೂ ಬೇಡವಾಗುತ್ತದೆ. ಕಣ್ಣಿನಲ್ಲಿ ಶುರುವಾದದ್ದು ಹೊಟ್ಟೆಯಲ್ಲಿ ಮುಗಿಯಬಹುದು. ಅರ್ಧ ದಿನ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ನಾಳೆ ನೋಡೋಣ ಎಂದು ಬಿಡುವಂತಿಲ್ಲ, ಅದು ತುರ್ತು. ಹಾಗಾಗಿ ಬೆಳಿಗ್ಗೆ ತಟ್ಟೆ ಸ್ವಚ್ಛ ಮಾಡುವಾಗ ನಾನು ಮೊದಲು ನೋಡುವುದು ಹಿಕ್ಕೆಯ ಗಾತ್ರವನ್ನು. ದುಂಡಗೆ, ದಪ್ಪಗೆ, ಒಣಗಿ ಇದ್ದರೆ ಕಣ್ಣು ಹೇಗೇ ಇರಲಿ, ದಿನ ಚೆನ್ನಾಗಿದೆ. ಸಣ್ಣದಾಗುತ್ತಾ ಬಂದರೆ ಕಣ್ಣು ಎಷ್ಟು ಶುಭ್ರವಾಗಿದ್ದರೂ ನನಗೆ ನೆಮ್ಮದಿ ಇಲ್ಲ. ಬೇನೆಗೆ ಮೆಲಾಕ್ಸಿಕ್ಯಾಮ್ ಕೊಡುತ್ತೇವೆ, ಪ್ರಮಾಣ ಡಾಕ್ಟರು ಬರೆದದ್ದು. ವಯಸ್ಸಾದ ಮೊಲಕ್ಕೆ ಇದನ್ನು ತುಂಬಾ ದಿನ ಕೊಡುವಾಗ ಮೂತ್ರಪಿಂಡದ ಮೇಲೂ ಕಣ್ಣಿಡಬೇಕು ಎಂದು ಆಗಾಗ ರಕ್ತ ತೆಗೆಯುತ್ತಾರೆ.

ಮನೆಯಲ್ಲಿರುವ ಹಳೇ ಡ್ರಾಪ್ಸ್ ಹಾಕಿ ನೋಡೋಣ ಎನ್ನುವವರಿಗೆ ಒಂದು ಮಾತು. ಬೇಡ. ಮನುಷ್ಯರ ಎಷ್ಟೋ ಕಣ್ಣಿನ ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಮೇಲೆ ಹುಣ್ಣಾಗಿದ್ದರೆ ಸ್ಟೀರಾಯ್ಡ್ ಅದನ್ನು ವಾಸಿಯಾಗಲು ಬಿಡುವುದಿಲ್ಲ, ಕಣ್ಣೇ ತೂತಾಗುವ ಅಪಾಯವೂ ಉಂಟು. ಮೊಲಗಳು ಸ್ಟೀರಾಯ್ಡ್‌ಗೆ ಬೇರೆ ಪ್ರಾಣಿಗಳಿಗಿಂತ ಸೂಕ್ಷ್ಮ ಬೇರೆ. ಹುಣ್ಣು ಬರಿಗಣ್ಣಿಗೆ ಎಷ್ಟೋ ಸಲ ಕಾಣುವುದೂ ಇಲ್ಲ. ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣದ ದ್ರವ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಗಾಯವಾದ ಜಾಗ ಹಸಿರಾಗಿ ಹೊಳೆಯುತ್ತದೆ. ಹುಲ್ಲಿನ ಕಡ್ಡಿ ಚುಚ್ಚಿಯೂ ಹುಣ್ಣಾಗಬಹುದು. ಹಾಗೆಯೇ ಬಾಯಿಗೆ ಕೊಡುವ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಪ್ರಾಣಕ್ಕೇ ಕುತ್ತು ತರಬಹುದು. ನಾಯಿ, ಬೆಕ್ಕು ಮಾತ್ರ ನೋಡಿ ಅಭ್ಯಾಸ ಇರುವ ಡಾಕ್ಟರಾದರೆ ಇದನ್ನು ಕೇಳಿಯೇ ಔಷಧಿ ತೆಗೆದುಕೊಳ್ಳುವುದು ಒಳ್ಳೆಯದು. ಒಂದು ಕಣ್ಣು ಗುಡ್ಡೆ ಸಮೇತ ಮುಂದಕ್ಕೆ ಉಬ್ಬಿದರೆ ಹಲ್ಲಿನ ಬೇರಿನಿಂದ ಕಣ್ಣಿನ ಹಿಂದೆ ಕೀವುಗಡ್ಡೆ ಆಗಿರಬಹುದು. ಮೊಲದ ಕೀವು ಗಟ್ಟಿ, ಚುಚ್ಚಿದರೆ ಹರಿದು ಹೋಗುವುದಿಲ್ಲ. ವಯಸ್ಸಾದ ಮೊಲದ ಎರಡೂ ಕಣ್ಣು ಒಟ್ಟಿಗೆ ಉಬ್ಬಿದರೆ ಎದೆಯೊಳಗಿನ ಥೈಮಸ್ ಗ್ರಂಥಿಯ ಗಡ್ಡೆಯನ್ನೂ ಅನುಮಾನಿಸುತ್ತಾರೆ. ಕಣ್ಣು ಎಷ್ಟು ದೂರದ ಸುದ್ದಿ ಹೇಳುತ್ತದೆ ನೋಡಿ.

ಡ್ರಾಪ್ಸ್ ಹಾಕುವುದು ನಮ್ಮ ಮನೆಯ ದೊಡ್ಡ ಕುಸ್ತಿ. ಎತ್ತಿಕೊಳ್ಳುವುದನ್ನು ಗುಬ್ಬಿ ಮರಿಯಾಗಿದ್ದಾಗಿನಿಂದ ದ್ವೇಷಿಸಿದವಳು. ಮೊಲವನ್ನು ಅಂಗಾತ ಮಲಗಿಸಿದರೆ ಅಲುಗಾಡದೆ ಬಿದ್ದಿರುತ್ತದೆ, ಆಗ ಹಾಕುವುದು ಸುಲಭ ಎಂದು ಕೆಲವರು ಹೇಳಿದರು. ಅದು ಸಮಾಧಾನವಲ್ಲ, ಹೆದರಿಕೆಗೆ ಮೈ ಸೆಟೆದಿರುವುದು. ಅದಕ್ಕೆ ನಾವು ಎತ್ತುವುದೇ ಇಲ್ಲ. ನಾನು ನೆಲದ ಮೇಲೆ ಮಂಡಿಯೂರುತ್ತೇನೆ, ಅವಳು ನನ್ನ ಎರಡು ತೊಡೆಗಳ ನಡುವೆ, ಹಿಂಭಾಗ ನನ್ನ ಕಡೆಗೆ. ಹಿಂದಕ್ಕೆ ಜರುಗಲು ಜಾಗ ಇರುವುದಿಲ್ಲ. ಕುಪ್ಪಳಿಸುವ ದಿನ ಮಾತ್ರ ಟವೆಲ್ ಸುತ್ತುತ್ತೇನೆ. ಒಂದು ಕೈ ಗಲ್ಲದ ಕೆಳಗೆ, ಇನ್ನೊಂದರಲ್ಲಿ ಬಾಟಲಿ. ಬಾಟಲಿ ಮುಂದಿನಿಂದ ಬರಬಾರದು, ತಲೆಯ ಹಿಂದಿನಿಂದ ಬರಬೇಕು. ತುದಿ ಕಣ್ಣಿಗೆ ತಾಗಬಾರದು. ಎರಡು ಬೇರೆ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೊದಲನೆಯದನ್ನು ಎರಡನೆಯದು ತೊಳೆದು ಬಿಡುತ್ತದೆ. ಆಯಿಂಟ್‌ಮೆಂಟ್ ಕೊನೆಗೆ. ಅದಕ್ಕೆ ಮೊದಲು ಗೀಜನ್ನು ಸಲೈನಿನಲ್ಲಿ ನೆನೆಸಿ ಮೆತ್ತಗೆ ಮಾಡಿ ತೆಗೆಯಬೇಕು. ಒಣಗಿದ್ದನ್ನು ಕಿತ್ತರೆ ರೋಮದ ಜೊತೆ ಚರ್ಮವೂ ಬರುತ್ತದೆ. ಕೆನ್ನೆಯನ್ನು ಕೊನೆಗೆ ಪೂರ್ತಿ ಒಣಗಿಸುವುದನ್ನು ಮಾತ್ರ ಬಿಡಬಾರದು. ಸದಾ ಒದ್ದೆಯಿರುವ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ.

ಎಲ್ಲ ಆದ ಮೇಲೆ ಒಂದು ಪುದೀನ ಎಲೆ. ಕೊಡುವ ಮೊದಲು ಒಂದು ಕ್ಷಣ ಕಾಯುತ್ತೇನೆ, ಅವಳು ಹಿಂಗಾಲು ನೆಲಕ್ಕೆ ದಬ್ ಎಂದು ಬಡಿದು ಸಿಟ್ಟು ತೀರಿಸಿಕೊಳ್ಳಲಿ ಎಂದು. ಮೊಲಕ್ಕೂ ಮರ್ಯಾದೆ ಇರುತ್ತದೆ.

ಹೀಗೆ ದಿನವೂ ಅವಳ ಮುಖದ ಹತ್ತಿರ ಕೂತಾಗ ಒಂದು ವಿಷಯ ಗಮನಿಸಿದೆ. ಮೊಲ ರೆಪ್ಪೆ ಮಿಟುಕಿಸುವುದು ತುಂಬಾ ಅಪರೂಪ, ಗಂಟೆಗೆ 10-12 ಸಲ. ನಾವು ಒಂದೇ ನಿಮಿಷದಲ್ಲಿ ಅಷ್ಟು ಮಿಟುಕಿಸುತ್ತೇವೆ. ಹನಿ ಬಿದ್ದರೂ ಅವಳ ಕಣ್ಣು ತೆರೆದೇ ಇರುತ್ತದೆ. ನನಗೆ ಕೆಲಸ ಹಗುರ. ಆದರೆ ಇದೇ ದೊಡ್ಡ, ತೆರೆದ ಕಣ್ಣು ಮೊಲಗಳಿಗೆ ಮುಳುವಾಯಿತು. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ರಾಸಾಯನಿಕಗಳು ಕಣ್ಣಿಗೆ ಎಷ್ಟು ಹಾನಿ ಮಾಡುತ್ತವೆ ಎಂದು ಅಳೆಯುವ ವಿಧಾನವೊಂದನ್ನು ಬರೆದರು. ಬಿಳಿ ಮೊಲದ ಒಂದು ಕಣ್ಣಿಗೆ ಪದಾರ್ಥ ಹಾಕಿ, ಇನ್ನೊಂದನ್ನು ಹೋಲಿಕೆಗೆ ಬಿಟ್ಟು, ದಿನಗಟ್ಟಲೆ ಅಂಕ ಹಾಕುವುದು. ಸೋಪು, ಶಾಂಪೂ, ಕಾಡಿಗೆ ಎಲ್ಲ ಆ ದಾರಿಯಲ್ಲಿ ಬಂದವು. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯ ಸಾಮಗ್ರಿಗಳ ಮಾರಾಟವನ್ನು ಯುರೋಪ್ ಒಕ್ಕೂಟ 2013ರಲ್ಲಿ ಪೂರ್ತಿ ನಿಷೇಧಿಸಿತು. ಗುಬ್ಬಿಗೂ ಇದಕ್ಕೂ ಸಂಬಂಧ ಇಲ್ಲ, ನಿಜ. ಆದರೂ ಕೆಲವೊಮ್ಮೆ ಬಾಟಲಿ ಹಿಡಿದ ಕೈ ನೋಡಿಕೊಂಡಾಗ ನೆನಪಾಗುತ್ತದೆ.

ಕಣ್ಣನ್ನೇ ತೆಗೆಸಿಬಿಡಿ, ನೋವು ತಪ್ಪುತ್ತದೆ ಎಂದು ಮೊಲ ಸಾಕಿದ ಗೆಳತಿಯೊಬ್ಬಳು ಹೇಳಿದಳು. ಕೆಲವು ಮೊಲಗಳಿಗೆ ಅದೇ ಸರಿಯಾದ ದಾರಿ. ಹುಣ್ಣು ವಾಸಿಯಾಗದೆ, ಅಥವಾ ಗ್ಲಾಕೋಮಾದ ನೋವು ತಡೆಯಲಾಗದೆ ಕಣ್ಣು ತೆಗೆಸಿಕೊಂಡ ಮೊಲಗಳು ಆಮೇಲೆ ಮತ್ತೆ ಮೊದಲಿನಂತೆ ತಿಂದು ಓಡಾಡಿದ್ದುಂಟು. ಗುಬ್ಬಿಯ ವಿಷಯದಲ್ಲಿ ನಾನು ಒಪ್ಪಲಿಲ್ಲ. ಅವಳ ಕಾಯಿಲೆ ಕಣ್ಣಿನದಲ್ಲ, ಕಣ್ಣು ತೆಗೆದರೂ ಹಲ್ಲಿನ ಬೇರು ಅಲ್ಲೇ ಇರುತ್ತದೆ. ಮೇಲಾಗಿ ಮೊಲದ ಕಣ್ಣುಗುಡ್ಡೆಯ ಹಿಂದೆ ದೊಡ್ಡ ರಕ್ತದ ಕೋಶವೊಂದಿದೆ. ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾದರೆ ರಕ್ತ ನಿಲ್ಲಿಸುವುದು ಕಷ್ಟ. ಬಾಚಿಹಲ್ಲನ್ನೇ ಕೀಳಿಸುವ ಆಯ್ಕೆಯೂ ಇದೆ, ಬಾಚಿಹಲ್ಲಿಲ್ಲದೆಯೂ ಮೊಲ ಸಣ್ಣಗೆ ಹೆಚ್ಚಿದ್ದನ್ನು ತಿಂದು ಬದುಕುತ್ತದೆ. ಅದಕ್ಕೂ ಪೂರ್ತಿ ಅರಿವಳಿಕೆ ಬೇಕು. 9 ವರ್ಷದ ದೇಹ ಅದನ್ನು ತಾಳುತ್ತದೆಯೇ ಎಂಬುದು ಡಾಕ್ಟರಿಗೂ ನನಗೂ ನಡುವೆ ಇನ್ನೂ ಮುಗಿಯದ ಚರ್ಚೆ. ಹುಲ್ಲನ್ನು ಅವಳು ಗರಗರ ಅಗಿಯುವ ತನಕ ಆ ಹಲ್ಲನ್ನು ಮುಟ್ಟುವುದು ಬೇಡ ಎಂಬುದು ನನ್ನ ವಾದ.

ಸದ್ಯಕ್ಕೆ ಸಣ್ಣಪುಟ್ಟ ಬದಲಾವಣೆಗಳೇ ಹೆಚ್ಚು ಕೆಲಸ ಮಾಡಿವೆ. ಹುಲ್ಲನ್ನು ಹೊರಗೆ ಚೆನ್ನಾಗಿ ಕೊಡವಿ ಧೂಳು ಹಾರಿಸಿ ಹಾಕುತ್ತೇವೆ. ತಟ್ಟೆಯನ್ನು ದಿನವೂ ಬದಲಿಸುತ್ತೇವೆ, ಯಾಕೆಂದರೆ ಉಚ್ಚೆಯ ಅಮೋನಿಯಾ ಘಾಟು ನೆಲದ ಮಟ್ಟದಲ್ಲಿರುವ ಅವಳ ಕಣ್ಣಿಗೆ ನಮಗಿಂತ ಮೊದಲು ತಾಗುತ್ತದೆ. ತಿನ್ನುವುದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಒಣಹುಲ್ಲೇ ಇರಬೇಕು. ಕಾಳಿನ ಉಂಡೆಗೆ ಅವಳು ಎಷ್ಟು ಗೋಗರೆದರೂ ಒಂದು ಚಮಚಕ್ಕಿಂತ ಹೆಚ್ಚು ಸಿಗುವುದಿಲ್ಲ. ಅಮ್ಮನ ಹತ್ತಿರ ಹೋಗಿ ಪಾದಕ್ಕೆ ಮೂಗು ಒತ್ತಿದರೆ ಇನ್ನೊಂದು ಚಮಚ ಸಿಗುತ್ತದೆ ಎಂಬುದು ನನಗೆ ಗೊತ್ತಿಲ್ಲ ಎಂದು ಇಬ್ಬರೂ ಅಂದುಕೊಂಡಿದ್ದಾರೆ.

ಮುಂದಿನ ವಾರ ಮತ್ತೆ ಎಕ್ಸ್‌ರೇ ಇದೆ. ಬಲಗಡೆ ಬೇರೂ ಹಿಂದಕ್ಕೆ ಸರಿಯುತ್ತಿದೆಯೇ ಎಂದು ನೋಡಬೇಕಂತೆ. ಮಂಪರಿನ ಚುಚ್ಚುಮದ್ದು ಕೊಡಬೇಕಾಗಬಹುದು, ಆದರೂ ಅವಳನ್ನು ಉಪವಾಸ ಕೆಡವುವ ಹಾಗಿಲ್ಲ. ಮೊಲಕ್ಕೆ ವಾಂತಿ ಬರುವುದಿಲ್ಲ, ಹಾಗಾಗಿ ನಾಯಿ ಬೆಕ್ಕಿನ ನಿಯಮ ಇಲ್ಲಿ ನಡೆಯುವುದಿಲ್ಲ. ಒಂದು ಚೀಲದಲ್ಲಿ ಹುಲ್ಲು, ಸ್ವಲ್ಪ ಸೊಪ್ಪು, ಅವಳು ಮಲಗುವ ಹಳೇ ಟವೆಲ್ ತೆಗೆದಿಟ್ಟಿದ್ದೇನೆ. ಟವೆಲ್ ಒಗೆಯಬೇಡ, ಅದರಲ್ಲಿ ಮನೆಯ ವಾಸನೆ ಇರಲಿ ಎಂದು ಅಮ್ಮ ಹೇಳಿದ್ದಾರೆ.